ಭಾರವಾದ ಕೇಸಿನ ಮರುದಿನ

ಹೆದ್ದಾರಿಯಲ್ಲಿ ರಾತ್ರಿ ಎರಡೂವರೆಗೆ ಅಪಘಾತ. ನಿಂತ ಲಾರಿಗೆ ಹಿಂದಿನಿಂದ ಕಾರು ಗುದ್ದಿದೆ, ಒಳಗೆ ಮೂರು ವರ್ಷದ ಮಗುವೂ ಇದೆ. 108 ವಾಹನದಲ್ಲಿ ಇರುವವರು ಇಬ್ಬರೇ: ಹಿಂದೆ ಇಎಂಟಿ (ತುರ್ತು ಚಿಕಿತ್ಸೆ ಕೊಡುವ ತಂತ್ರಜ್ಞರು), ಮುಂದೆ ಪೈಲಟ್. ಆಂಬುಲೆನ್ಸ್ ಚಾಲಕರನ್ನು ಇಲ್ಲಿ ಪೈಲಟ್ ಎಂದೇ ಕರೆಯುವುದು. ಓಡುವ ಗಾಡಿಯಲ್ಲಿ ಒಬ್ಬರೇ ಮೂವತ್ತು ಸಲ ಎದೆ ಒತ್ತಿ ಎರಡು ಉಸಿರು ಕೊಡುತ್ತ ಆಸ್ಪತ್ರೆ ಮುಟ್ಟಿಸುತ್ತಾರೆ. ಡ್ಯೂಟಿ ಡಾಕ್ಟರು ಇಸಿಜಿ ನೋಡಿ ಮಗು ಉಳಿದಿಲ್ಲವೆಂದು ತಲೆಯಾಡಿಸುತ್ತಾರೆ. ಪಾಳಿ ಮುಗಿಯಲು ಇನ್ನೂ ನಾಲ್ಕು ಗಂಟೆ ಇದೆ.

ಕರ್ನಾಟಕದಲ್ಲಿ ಆರೋಗ್ಯ ಕವಚ 108 ಶುರುವಾದದ್ದು 2008ರ ನವೆಂಬರ್ 1ರಂದು. ಇಂಥ ರಾತ್ರಿಗಳನ್ನು ಕಂಡ ಇಎಂಟಿಗಳು, ಪೈಲಟ್‌ಗಳು, ಅಗ್ನಿಶಾಮಕ ಸಿಬ್ಬಂದಿ, ಹೊಯ್ಸಳ ಪೊಲೀಸರು ಎಲ್ಲ ಜಿಲ್ಲೆಯಲ್ಲೂ ಇದ್ದಾರೆ. ಅವರ ಮಾನಸಿಕ ಆರೋಗ್ಯ ಎಂದ ಕೂಡಲೇ ನಮಗೆ ನೆನಪಾಗುವುದು ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ನಡೆಯುವ ಒತ್ತಡ ನಿರ್ವಹಣೆಯ ಉಪನ್ಯಾಸ, ಕೊನೆಗೊಂದು ಗ್ರೂಪ್ ಫೋಟೊ. ಅದರಿಂದ ಹಾನಿಯಿಲ್ಲ, ಅಷ್ಟೇ. ಹೆಚ್ಚು ಕಮ್ಮಿ ಆಗುವುದೆಲ್ಲ ಕೇಸ್ ಮುಗಿದ ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲಿ. ಆ ಹೊತ್ತಿನಲ್ಲಿ ಕೆಲಸ ಮಾಡಬೇಕಾದವರು ಕೌನ್ಸೆಲರ್‌ಗಳಲ್ಲ, ಪಾಳಿಯ ಉಸ್ತುವಾರಿ ಹೊತ್ತ ಹಿರಿಯರು.

ಮೊದಲನೆಯದು ಗಾಡಿ ತೊಳೆಯುವ ಕೆಲಸ. ಯಾರೂ ಇದನ್ನು ಮನಸ್ಸಿನ ವಿಷಯ ಎಂದು ಎಣಿಸುವುದಿಲ್ಲ, ಆದರೆ ಮುಂದೆ ತಿಂಗಳುಗಟ್ಟಲೆ ಕಾಡುವುದರಲ್ಲಿ ವಾಸನೆಗೆ ದೊಡ್ಡ ಪಾಲಿದೆ. ಆಸ್ಪತ್ರೆಯ ಹಿತ್ತಲಲ್ಲಿ, ಟ್ಯೂಬ್‌ಲೈಟ್ ಬೆಳಕಲ್ಲಿ, ಮಗುವನ್ನು ಎತ್ತಿಕೊಂಡು ಬಂದವರೇ ಒಬ್ಬರೇ ಕೂತು ನೆಲದ ರಕ್ತ ಒರೆಸಬಾರದು. ಇಬ್ಬರೂ ಸೇರಿ ಮಾಡಲಿ, ಇಲ್ಲವೇ ಸ್ಟ್ರೆಚರ್ ಮತ್ತು ನೆಲವನ್ನು ಪೈಲಟ್ ನೋಡಿಕೊಂಡು ಇಎಂಟಿಗೆ ಮಾನಿಟರ್, ಬ್ಯಾಗು, ಆಮ್ಲಜನಕದ ಲೆಕ್ಕ ಬಿಡಲಿ. ಕ್ರಮ ಸರಳ: ಎರಡು ಜೊತೆ ಗ್ಲೌಸ್, ರಕ್ತದ ಮೇಲೆ ಹತ್ತಿ ಅಥವಾ ಹಳೆ ಬಟ್ಟೆ ಹಾಸಿ ಹೀರಿಸಿ, ಅದರ ಮೇಲೆ ಶೇ 1ರ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಎಂಬ ಬ್ಲೀಚ್) ದ್ರಾವಣ ಸುರಿದು ಹತ್ತು ನಿಮಿಷ ಬಿಡುವುದು. ಕ್ಯಾನಿನಲ್ಲಿ ಬರುವುದು ಶೇ 5ರದ್ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಬಟ್ಟೆಯನ್ನೆಲ್ಲ ಹಳದಿ ಚೀಲಕ್ಕೆ ಹಾಕಿ, ಲೋಹದ ಭಾಗಗಳನ್ನು ಮತ್ತೆ ಬರೀ ನೀರಿನಲ್ಲಿ ಒರೆಸಬೇಕು, ಇಲ್ಲದಿದ್ದರೆ ಸ್ಟ್ರೆಚರ್ ಹಳಿಗೆ ತುಕ್ಕು ಹಿಡಿಯುತ್ತದೆ. ಬೇಗ ಹೋಗಲಿ ಎಂದು ಟಾಯ್ಲೆಟ್ ಕ್ಲೀನರ್ ಸೇರಿಸುವವರಿದ್ದಾರೆ. ಹೈಪೋ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಗಾಡಿಯಲ್ಲಿ ಅದು ಅಪಾಯ. ಹಿಂದಿನ ಎರಡೂ ಬಾಗಿಲು ತೆರೆದಿರಲಿ. ಸೀಟಿನ ಸಂದಿಯಲ್ಲಿ ಮಗುವಿನ ಚಪ್ಪಲಿಯೋ ಗೊಂಬೆಯೋ ಸಿಕ್ಕರೆ ಕವರಿಗೆ ಹಾಕಿ, ಬರೆದು, ಪೊಲೀಸರ ಕೈಗೆ ಆಗಲೇ ಕೊಟ್ಟುಬಿಡಬೇಕು. ಡ್ಯಾಶ್‌ಬೋರ್ಡಿನಲ್ಲಿ 'ನಾಳೆ ಕೊಟ್ಟರಾಯಿತು' ಎಂದು ಇಟ್ಟ ಚಪ್ಪಲಿ ಪಾಳಿ ಮುಗಿಯುವವರೆಗೂ ಕಣ್ಣೆದುರೇ ಇರುತ್ತದೆ.

ತೊಳೆದ ಮೇಲೆ ಗಾಡಿಯನ್ನು ಅರ್ಧ ಗಂಟೆಯಾದರೂ ಆಫ್‌ರೋಡ್ ಮಾಡಬೇಕು, ಅಂದರೆ ಹೊಸ ಕರೆಗೆ ಸಿಗದಂತೆ ಇಡಬೇಕು. ತಾಪತ್ರಯ ಇರುವುದು ಇಲ್ಲೇ. ಗಾಡಿ ಆಫ್‌ರೋಡ್ ಎಂದು ತೋರಿಸಿದರೆ ಕಂಟ್ರೋಲ್ ರೂಮಿನಿಂದ ಕಾರಣ ಕೇಳಿ ಫೋನ್ ಬರುತ್ತದೆ, ಇಎಂಟಿ 'ಏನಿಲ್ಲ ಸರ್' ಎಂದು ಗಾಡಿಯನ್ನು ಮತ್ತೆ ಲಭ್ಯ ಮಾಡಿಬಿಡುತ್ತಾರೆ. ಟೈರ್ ಪಂಕ್ಚರಿಗೆ ಒಂದು ಕಾರಣವಿದ್ದ ಹಾಗೆ ಇದಕ್ಕೂ ಒಂದು ಕಾರಣವನ್ನು ಮೊದಲೇ ಗೊತ್ತುಮಾಡಿ ಇಡಬೇಕು. ಮಗುವಿನ ಸಾವು, ಸಹೋದ್ಯೋಗಿಗೆ ಪೆಟ್ಟು, ಪರಿಚಿತರೇ ರೋಗಿಯಾಗಿರುವುದು, ಮೂರಕ್ಕಿಂತ ಹೆಚ್ಚು ಸಾವು, ಸಾರ್ವಜನಿಕರಿಂದ ಹಲ್ಲೆ: ಈ ಐದರಲ್ಲಿ ಒಂದಾದರೆ ಸಿಬ್ಬಂದಿ ಕೇಳದೆಯೇ ಬಿಡುವು ಸಿಗುವಂತಿರಬೇಕು. ಕೇಳಿ ಪಡೆಯಬೇಕಾದ ಬಿಡುವನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಮುಖ ಕೈ ತೊಳೆದು, ಸಮವಸ್ತ್ರಕ್ಕೆ ಕಲೆಯಾಗಿದ್ದರೆ ಬದಲಿಸಿ (ಗಾಡಿಯಲ್ಲಿ ಒಂದು ಜೊತೆ ಹೆಚ್ಚುವರಿ ಇರಲೇಬೇಕು), ಬಿಸಿಯಾದದ್ದೇನಾದರೂ ತಿನ್ನುವುದು. ಟೀ ಮಾತ್ರ ಬೆಳಗಿನ ಜಾವ ನಾಲ್ಕರೊಳಗೆ ಮುಗಿಸಲಿ. ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು, ಬೆಳಗ್ಗೆ ಒಂಬತ್ತಕ್ಕೆ ಮಲಗಬೇಕಾದವರು ಆರಕ್ಕೆ ಕುಡಿದ ಟೀ ನಿದ್ದೆಗೆ ಅಡ್ಡಿ.

ಪಾಳಿ ಮುಗಿಯುವ ಹೊತ್ತಿಗೆ ಉಸ್ತುವಾರಿ ಹತ್ತು ನಿಮಿಷ ಕೂತು ಮಾತಾಡಬೇಕು. ಏನು ಅನಿಸಿತು ಎಂದು ಆಗ ಕೇಳುವುದು ಬೇಡ. ಕೇಸ್ ಶೀಟ್ ಕೈಯಲ್ಲಿ ಹಿಡಿದು ಸಮಯಗಳನ್ನು ಓದಿ ಹೇಳಲಿ: ಕರೆ ಬಂದದ್ದು 2.34, ಹೊರಟದ್ದು 2.35, ಸ್ಥಳ ಮುಟ್ಟಿದ್ದು 2.49, ಮಗುವಿಗೆ ಆಗಲೇ ನಾಡಿ ಇರಲಿಲ್ಲ, ಆಸ್ಪತ್ರೆ 3.16. 'ಇನ್ನೂ ಬೇಗ ಹೋಗಿದ್ದರೆ' ಎಂಬ ಯೋಚನೆ ಮರುದಿನ ಮಧ್ಯಾಹ್ನದ ಹೊತ್ತಿಗೆ ತಲೆಯಲ್ಲಿ ಗಟ್ಟಿಯಾಗುತ್ತದೆ. ಅದಕ್ಕೆ ಮುಂಚೆ ನಿಜವಾದ ಅಂಕಿ ಕಿವಿಗೆ ಬಿದ್ದಿರಬೇಕು. ಕಲಿಯಬೇಕಾದ ತಪ್ಪು ಏನಾದರೂ ನಡೆದಿದ್ದರೆ ಆ ವಿಚಾರಣೆ ಬೇರೆ ದಿನ, ಬೇರೆ ಕೋಣೆಯಲ್ಲಿ. ಎರಡನ್ನೂ ಒಂದೇ ಕೂಟದಲ್ಲಿ ಮಾಡಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಎಲ್ಲರನ್ನೂ ಸುತ್ತ ಕೂರಿಸಿ, ಕಂಡದ್ದನ್ನು ಅನುಭವಿಸಿದ್ದನ್ನು ಒಬ್ಬೊಬ್ಬರಾಗಿ ಹೇಳಿಸುವ ಪದ್ಧತಿಯೊಂದಿದೆ. ಅಮೆರಿಕದಲ್ಲಿ ಅಗ್ನಿಶಾಮಕ ದಳದಲ್ಲೂ ಆಂಬುಲೆನ್ಸಿನಲ್ಲೂ ದುಡಿದ ಜೆಫ್ರಿ ಮಿಚೆಲ್ 1983ರಲ್ಲಿ ಇದನ್ನು ಹಂತ ಹಂತವಾಗಿ ರೂಪಿಸಿದರು, ಜಗತ್ತಿನ ತುಂಬ ಹರಡಿತು. ಆದರೆ ಒಂದೇ ಕೂಟದ ಇಂಥ ಡಿಬ್ರೀಫಿಂಗ್ ಮುಂದಿನ ಪಿಟಿಎಸ್‌ಡಿಯನ್ನು (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ತಡೆಯುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2002ರ ಕಾಕ್ರೇನ್ ವಿಮರ್ಶೆ ಹೇಳಿತು. ಬಹುತೇಕ ಮಾರ್ಗಸೂಚಿಗಳು ಈಗ ಕಡ್ಡಾಯ ಡಿಬ್ರೀಫಿಂಗನ್ನು ಬೇಡವೆನ್ನುತ್ತವೆ. ಕಾರಣ ಊಹಿಸುವುದು ಕಷ್ಟವಲ್ಲ: ಪೈಲಟ್ ನೋಡದೇ ಇದ್ದದ್ದನ್ನು ಇಎಂಟಿ ವಿವರವಾಗಿ ಹೇಳಿದರೆ ಈಗ ಆ ಚಿತ್ರ ಇಬ್ಬರದೂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರ ಕೈಪಿಡಿಯಲ್ಲಿ ಹೇಳಿದ ಮಾನಸಿಕ ಪ್ರಥಮ ಚಿಕಿತ್ಸೆ ಇದಕ್ಕಿಂತ ಸಾದಾ ಆದದ್ದು: ನೋಡು, ಕೇಳಿಸಿಕೋ, ನೆರವಿಗೆ ಜೋಡಿಸು. ಮಾತಾಡಬೇಕು ಅನಿಸಿದವರು ಮಾತಾಡಲಿ, ಅನಿಸದವರ ಪಕ್ಕ ಸುಮ್ಮನೆ ಕೂತರೂ ಆಯಿತು.

ಕೇಳುವ ಪ್ರಶ್ನೆಯೂ ನಮ್ಮ ಮಾತಿನಲ್ಲೇ ಇರಲಿ. 'ಮಾನಸಿಕವಾಗಿ ಹೇಗಿದ್ದೀರಿ?' ಎಂದರೆ 'ಚೆನ್ನಾಗಿದ್ದೀನಿ ಸರ್' ಎಂಬ ಉತ್ತರ ಸಿದ್ಧವಾಗಿರುತ್ತದೆ. ಮರುದಿನ ಸಂಜೆ ಜೊತೆಗಾರ ಫೋನ್ ಮಾಡಿ 'ಅಣ್ಣಾ, ನಿದ್ದೆ ಬಂತಾ? ಊಟ ಸೇರ್ತಾ? ಮನೇಲಿ ರೇಗ್ತಿಲ್ಲ ತಾನೇ?' ಎಂದು ಕೇಳಿದರೆ ಮೂರರಲ್ಲಿ ಒಂದಕ್ಕಾದರೂ ನಿಜ ಹೊರಬರುತ್ತದೆ. ಹೀಗೆ ಫೋನ್ ಮಾಡುವ ಜೊತೆಗಾರರನ್ನು ಆರಿಸುವಾಗ ಮೇಲಧಿಕಾರಿಗೆ ಆಪ್ತರಾದವರು ಬೇಡ, ಹತ್ತು ವರ್ಷ ಸರ್ವಿಸ್ ಆದ, ಕೇಳಿದ್ದನ್ನು ಕ್ಯಾಂಟೀನಿಗೆ ಒಯ್ಯದ ಇಬ್ಬರು ಸಾಕು.

ಮನೆಗೆ ಹೋಗುವ ದಾರಿ ಇನ್ನೊಂದು ಕಂಟಕ. ಹನ್ನೆರಡು ಗಂಟೆ ಪಾಳಿ ಮುಗಿಸಿ ಮೂವತ್ತು ಕಿಲೋಮೀಟರ್ ಬೈಕಿನಲ್ಲಿ ಹೋಗುವವರಿದ್ದಾರೆ. ಇಂಥ ರಾತ್ರಿಯ ನಂತರ ಅವರನ್ನು ಬೈಕ್ ಹತ್ತಿಸಬಾರದು, ಬಸ್ಸಿಗೆ ಬಿಡಿ ಅಥವಾ ಠಾಣೆಯಲ್ಲೇ ಇಪ್ಪತ್ತು ಮೂವತ್ತು ನಿಮಿಷ ಮಲಗಿಸಿ ಕಳಿಸಿ. ಮನೆಯಲ್ಲಿ ಕಿಟಕಿಗೆ ದಪ್ಪ ಬಟ್ಟೆ, ಫೋನ್ ಬೇರೆ ಕೋಣೆಯಲ್ಲಿ. 'ಒಂದು ಪೆಗ್ ಹಾಕ್ಕೊಂಡು ಮಲಗು ಮಾರಾಯ' ಎಂಬ ಸಲಹೆ ಪ್ರೀತಿಯಿಂದಲೇ ಬರುತ್ತದೆ. ಕುಡಿದರೆ ನಿದ್ದೆ ಬೇಗ ಹತ್ತುವುದೂ ಹೌದು, ಎರಡನೇ ಅರ್ಧದಲ್ಲಿ ಒಡೆದು ಬೆವರು ಬಂದು ಎಚ್ಚರವಾಗುವುದೂ ಹೌದು. ಮೆಡಿಕಲ್ ಶಾಪಿನಿಂದ ಅಲ್ಪ್ರಜೋಲಮ್ ಎಂಬ ಆತಂಕ-ನಿದ್ದೆಯ ಮಾತ್ರೆ ತಂದು ನುಂಗುವುದಂತೂ ಬೇಡವೇ ಬೇಡ. ಆಘಾತದ ಮೊದಲ ತಿಂಗಳ ಲಕ್ಷಣಗಳಿಗೆ ಆ ಗುಂಪಿನ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಮನೆಯವರಿಗೆ ಕೇಸಿನ ವಿವರ ಬೇಕಿಲ್ಲ. 'ರಾತ್ರಿ ಒಂದು ಕೆಟ್ಟ ಕೇಸಿತ್ತು, ಇವತ್ತು ಸ್ವಲ್ಪ ಸುಮ್ಮನಿರ್ತೀನಿ' ಎಂದರೆ ಹೆಂಡತಿಯೋ ಗಂಡನೋ ಆ ಮೌನವನ್ನು ತಮ್ಮ ಮೇಲಿನ ಸಿಟ್ಟು ಎಂದುಕೊಳ್ಳುವುದು ತಪ್ಪುತ್ತದೆ.

ವಾಟ್ಸಾಪ್ ಗ್ರೂಪಿನ ಆಟೊ ಡೌನ್‌ಲೋಡ್ ಆ ದಿನವೇ ಬಂದ್ ಮಾಡಿಸಿ. ಸ್ಥಳದಲ್ಲಿ ನಿಂತವರು ತೆಗೆದ ಫೋಟೊಗಳು ಮಧ್ಯಾಹ್ನದೊಳಗೆ ತಿರುಗಿ ಸಿಬ್ಬಂದಿಯ ಫೋನಿಗೇ ಬರುತ್ತವೆ, ಒಮ್ಮೆ ಕಂಡದ್ದನ್ನು ಹತ್ತು ಸಲ ಕಾಣಿಸುತ್ತವೆ.

ಇದೆಲ್ಲ ಒಂದು ರಾತ್ರಿಯ ಕೇಸಿನ ಮಾತಾಯಿತು. ದಿನಗಟ್ಟಲೆ ನಡೆಯುವ ಶೋಧದ ದಣಿವಿನ ರೀತಿ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಮಣ್ಣು ಗಂಗಾವಳಿ ನದಿಗೂ ಹೋಯಿತು. ಮಳೆ, ನದಿಯ ಸೆಳೆತ, ಕೆಸರು ನೀರು ಕಾರಣವಾಗಿ ಹುಡುಕಾಟ ನಿಂತು ನಿಂತು ಸಾಗಿ, ಲಾರಿಯೊಂದು ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಅಂಥಲ್ಲಿ ಸಿಬ್ಬಂದಿಯನ್ನು ಕುಗ್ಗಿಸುವುದು ಕಂಡ ದೃಶ್ಯಕ್ಕಿಂತ ಹೆಚ್ಚಾಗಿ ಏನೂ ಸಿಗದ ದಿನಗಳು, ಜೊತೆಗೆ ದಂಡೆಯಲ್ಲಿ ಕಾದು ನಿಂತ ಮನೆಯವರು, ಅವರ ಹಿಂದೆ ಕ್ಯಾಮೆರಾಗಳು. ಅಲ್ಲಿ ಮಾಡಬೇಕಾದ್ದೂ ಬೇರೆ. ಮನೆಯವರೊಡನೆ ಮಾತಾಡಲು ಒಬ್ಬರನ್ನೇ ನೇಮಿಸಿ, ಅಗೆಯುವವರನ್ನು ಮುಳುಗುವವರನ್ನು ಅವರಿಂದ ದೂರ ಇಡಬೇಕು. ಶವ ಎತ್ತುವ ಸರದಿ ಬದಲಾಗುತ್ತಿರಬೇಕು. ಎತ್ತುವವರಿಗೆ ಕೈಯ ಕೆಲಸದ ಮೇಲೆ ಗಮನ ಇರಲಿ, ಮುಖ ನೋಡುವುದು, ಜೇಬು ತಡಕುವುದು, ಹೊಡೆದುಕೊಳ್ಳುತ್ತಿರುವ ಫೋನಿನ ಮೇಲಿನ ಹೆಸರು ಓದುವುದು ಗುರುತು ಪತ್ತೆ ಮಾಡುವವರ ಕೆಲಸ. ಮೃತರ ವಯಸ್ಸಿನದೇ ಮಗು ಮನೆಯಲ್ಲಿರುವವರನ್ನು ಆ ಸರದಿಗೆ ಹಾಕದಿದ್ದರೆ ಒಳ್ಳೆಯದು. ಹೊಸದಾಗಿ ಸೇರಿದವರಿಗೆ ಏನು ಕಾಣಬಹುದು, ಎಂಥ ವಾಸನೆ ಇರಬಹುದು ಎಂದು ಎರಡು ವಾಕ್ಯದಲ್ಲಿ ಮೊದಲೇ ಹೇಳಿಬಿಡುವುದರಿಂದ ಆಗುವ ಉಪಕಾರ ಚಿಕ್ಕದಲ್ಲ.

ಎಲ್ಲರೂ ಮರೆಯುವವರು ಕರೆ ಸ್ವೀಕರಿಸುವವರು. ತಾಯಿಯ ಕಿರುಚಾಟ ಕಿವಿಗೆ ಬಿದ್ದಿದ್ದು ಮೊದಲು ಅವರಿಗೆ. ಗಾಡಿ ಹೊರಟ ಕೂಡಲೇ ಲೈನ್ ಕಟ್ಟಾಗುತ್ತದೆ, ಮುಂದಿನ ಕರೆ ಬರುತ್ತದೆ, ಕೊನೆಗೆ ಏನಾಯಿತೆಂದು ತಿಳಿಯುವುದಿಲ್ಲ. ಅವರು ಬಯಸಿದರೆ ಪಾಳಿ ಮುಗಿಯುವ ಮುನ್ನ ಒಂದು ಸಾಲಿನಲ್ಲಿ ತಿಳಿಸುವ ಏರ್ಪಾಡು ಇರಬೇಕು. ಸುದ್ದಿ ಕೆಟ್ಟದ್ದೇ ಆದರೂ ಗೊತ್ತಾಗದೇ ಇರುವುದಕ್ಕಿಂತ ವಾಸಿ ಎನ್ನುವವರೇ ಹೆಚ್ಚು.

ಮೊದಲ ಒಂದೆರಡು ವಾರ ಕನಸು ಬೀಳುವುದು, ಸೈರನ್‌ಗೆ ಬೆಚ್ಚುವುದು, ರಾತ್ರಿ ಎದ್ದು ಮಲಗಿದ ಮಕ್ಕಳ ಉಸಿರು ನೋಡುವುದು ಕಾಯಿಲೆಯಲ್ಲ, ಬಹುಪಾಲು ಜನರಲ್ಲಿ ತಾನಾಗಿ ಇಳಿಯುತ್ತದೆ. ಹಾಗಾಗಿ ಕಡ್ಡಾಯ ರಜೆಯೂ ಬೇಡ. ಮನೆಯಲ್ಲಿ ಒಂಟಿಯಾಗಿ ಕೂರುವುದಕ್ಕಿಂತ ಪರಿಚಿತ ಜೊತೆಗಾರರೊಡನೆ ಹಗುರ ಡ್ಯೂಟಿ ಲೇಸು. ತಿಂಗಳ ಹೊತ್ತಿಗೆ ಮತ್ತೊಮ್ಮೆ ಕೇಳಬೇಕು, ದಿನಾಂಕವನ್ನು ಕೇಸಿನ ದಿನವೇ ಡೈರಿಯಲ್ಲಿ ಬರೆದಿಡಿ. ಆ ಜಾಗ ತಪ್ಪಿಸಲು ಪೈಲಟ್ ಸುತ್ತು ದಾರಿ ಹಿಡಿಯುತ್ತಿದ್ದಾರೆಯೇ, ಮಕ್ಕಳ ಕೇಸ್ ಎಂದರೆ ಇಎಂಟಿ ಡ್ಯೂಟಿ ಬದಲಿಸಿಕೊಳ್ಳುತ್ತಿದ್ದಾರೆಯೇ, ಕುಡಿತ ಹೆಚ್ಚಿದೆಯೇ ನೋಡಿ. ತಿಂಗಳು ದಾಟಿಯೂ ಇವು ಉಳಿದಿದ್ದರೆ ಮನೋವೈದ್ಯರಲ್ಲಿಗೆ. ಆಘಾತವನ್ನೇ ಕೇಂದ್ರವಾಗಿಟ್ಟ ಸಿಬಿಟಿ ಚಿಕಿತ್ಸೆ (ಯೋಚನೆ, ನಡವಳಿಕೆಗಳ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ) ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿ ಬೇಡುತ್ತದೆ. ಸಾಯುವ ಮಾತು ಬಂದರೆ, ಮೂರು ನಾಲ್ಕು ರಾತ್ರಿ ನಿದ್ದೆಯೇ ಇಲ್ಲದಿದ್ದರೆ, ಡ್ಯೂಟಿಗೆ ಕುಡಿದು ಬಂದರೆ ತಿಂಗಳು ಕಾಯುವಂತಿಲ್ಲ, ಅಂದೇ ಕರೆದೊಯ್ಯಬೇಕು, ಒಬ್ಬರನ್ನೇ ಬಿಡಬಾರದು.

ಟೆಲಿ ಮಾನಸ್ ಸಹಾಯವಾಣಿ 14416 ದಿನದ ಇಪ್ಪತ್ತನಾಲ್ಕು ಗಂಟೆಯೂ ಇದೆ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಭಾಷೆ ಕೇಳಿದಾಗ ಕನ್ನಡ ಆರಿಸಿಕೊಂಡರೆ ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಜಿಲ್ಲಾಸ್ಪತ್ರೆಯಲ್ಲಿರುತ್ತಾರೆ, ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಆದರೆ 108ರವರಿಗೆ ತಾವು ದಿನಾ ರೋಗಿ ಇಳಿಸುವ ಆಸ್ಪತ್ರೆಯಲ್ಲೇ ಆ ಸಾಲಿನಲ್ಲಿ ಕೂರುವುದು ಮುಜುಗರ. ಪಕ್ಕದ ತಾಲ್ಲೂಕಿಗೆ ಹೋಗಲು ಬಿಡಿ, ಆ ಮಂಗಳವಾರದ ಪಾಳಿಯನ್ನು ಮೊದಲೇ ಅದಲು ಬದಲು ಮಾಡಿಡಿ. ರಜೆಯ ಅರ್ಜಿಯಲ್ಲಿ 'ವೈದ್ಯಕೀಯ' ಎಂದಷ್ಟೇ ಬರೆದರೆ ಸಾಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ, ಕಾರಣವನ್ನು ಹಾಜರಿ ಪುಸ್ತಕದಲ್ಲಿ ಬರೆಯುವ ಗುಮಾಸ್ತರಿಗೆ ಇದನ್ನು ಒಮ್ಮೆ ತಿಳಿಸಿ ಹೇಳಬೇಕು.