ಒಂದು ಪೌಂಡಿನ ಡಿವಿಡಿ ಮತ್ತು ಲಿವರ್‌ಪೂಲಿನ ಮಾತು

ನಮ್ಮ ಮನೆಯ ಹತ್ತಿರದ ಚಾರಿಟಿ ಶಾಪಿನಲ್ಲಿ, ಜನ ದಾನವಾಗಿ ಕೊಟ್ಟುಹೋದ ಕೋಟು, ಪಿಂಗಾಣಿ ಬಟ್ಟಲು, ಒಂದೆರಡು ತುಂಡು ಕಾಣೆಯಾದ ಜಿಗ್‌ಸಾ ಪೆಟ್ಟಿಗೆಗಳ ನಡುವೆ ಡಿವಿಡಿಗಳದ್ದೇ ಒಂದು ಕಪಾಟಿದೆ. ಲಿವರ್‌ಪೂಲಿಗೆ ಬಂದ ಮೊದಲ ಚಳಿಗಾಲದಲ್ಲಿ ಅಲ್ಲಿಂದ ಒಂದು ಪೌಂಡ್ ಕೊಟ್ಟು ನಾನು ತಂದದ್ದು ಇದೇ ಊರಿನ ನಾಲ್ವರು ಹುಡುಗರ ಹಾಡಿನ ತಂಡ ಬೀಟಲ್ಸ್‌ನ ಮೊದಲ ಚಿತ್ರವಾದ ‘ಎ ಹಾರ್ಡ್ ಡೇಸ್ ನೈಟ್’. ಹಾಡುಗಳನ್ನು ಕೇಳುವುದಷ್ಟೇ ನನ್ನ ಉದ್ದೇಶವಾಗಿತ್ತು. ಆದರೆ ಆ ಡಿಸ್ಕು ನನಗೆ ಈ ಊರಿನ ಮಾತಿನ ಬಾಲಪಾಠವಾಯಿತು.

ಹತ್ತು ವರ್ಷ ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲೇ ಕೆಲಸ ಮಾಡಿದ್ದ ನನಗೆ ಇಲ್ಲಿನ ಬಸ್ ಚಾಲಕನ ಒಂದು ಸಣ್ಣ ಪ್ರಶ್ನೆಯೂ ತಿಳಿಯುತ್ತಿರಲಿಲ್ಲ. ‘ಬ್ಯಾಕ್’ ಎನ್ನುವಲ್ಲಿ ಕೊನೆಯ ವ್ಯಂಜನವನ್ನು ಇವರು ಗಂಟಲಿನಲ್ಲಿ ಉಜ್ಜಿ ‘ಬ್ಯಾಖ್’ ಎಂಬಂತೆ ಹೊರಡಿಸುತ್ತಾರೆ. ವಾಕ್ಯದ ರಾಗ ನಾವು ನಿರೀಕ್ಷಿಸದ ಕಡೆ ಏರುತ್ತದೆ. ಮೈಸೂರಿನವರು ಮೊದಲ ಬಾರಿಗೆ ಕುಂದಾಪುರದ ಸಂತೆಯಲ್ಲಿ ನಿಂತಾಗ ಹೇಗಾಗುತ್ತದೆಯೋ ಹಾಗೆ ನಾನು ತಲೆಯಾಡಿಸಿಕೊಂಡು ಓಡಾಡುತ್ತಿದ್ದೆ.

1964ರ ಮಾರ್ಚ್ 2ರಂದು ಚಿತ್ರೀಕರಣ ಆರಂಭವಾದ ಈ ಚಿತ್ರ ಅದೇ ವರ್ಷದ ಜುಲೈ 6ರಂದು ಲಂಡನ್ ಪೆವಿಲಿಯನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಇಷ್ಟು ಅವಸರಕ್ಕೆ ಕಾರಣವಿತ್ತು. ಹಣ ಹಾಕಿದ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯ ಕಣ್ಣು ಚಿತ್ರಕ್ಕಿಂತ ಹೆಚ್ಚಾಗಿ ಅದರ ಹಾಡುಗಳ ಎಲ್‌ಪಿ ಗ್ರಾಮಫೋನ್ ತಟ್ಟೆಯ ಮೇಲಿತ್ತು, ಮತ್ತು ಜನರ ಬೀಟಲ್ಸ್ ಹುಚ್ಚು ಇಳಿಯುವುದರೊಳಗೆ ಕೆಲಸ ಮುಗಿಯಬೇಕಿತ್ತು. ಕಥೆ ಎನ್ನುವಂಥದ್ದು ಹೆಚ್ಚೇನಿಲ್ಲ: ಜಾನ್, ಪಾಲ್, ಜಾರ್ಜ್, ರಿಂಗೋ ಎಂಬ ತಂಡದ ನಾಲ್ವರು ಹುಡುಗರು ರೈಲಿನಲ್ಲಿ ಲಂಡನ್ನಿಗೆ ಹೋಗಿ, ಪಾಲ್‌ನ ತಾತ ಎಬ್ಬಿಸುವ ಗಲಾಟೆಗಳನ್ನೆಲ್ಲ ದಾಟಿ, ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಹಾಡುತ್ತಾರೆ. ನಿರ್ದೇಶಕ ರಿಚರ್ಡ್ ಲೆಸ್ಟರ್ ಇದನ್ನು ಕಪ್ಪು-ಬಿಳುಪಿನಲ್ಲಿ, ಸುದ್ದಿಚಿತ್ರದ ಚುರುಕಿನಲ್ಲಿ ತೆಗೆದರು. ವಿಚಿತ್ರವೆಂದರೆ ಚಿತ್ರದಲ್ಲಿ ಲಿವರ್‌ಪೂಲಿನ ಒಂದು ಬೀದಿಯೂ ಇಲ್ಲ. ಆರಂಭದಲ್ಲಿ ಅಭಿಮಾನಿಗಳು ಅಟ್ಟಿಸಿಕೊಂಡು ಬರುವ ರೈಲು ನಿಲ್ದಾಣ ಕೂಡ ಲಂಡನ್ನಿನ ಮ್ಯಾರಿಲ್‌ಬೋನ್. ಈ ಊರಿನದೆಂದು ಅದರಲ್ಲಿ ಇರುವುದು ಮಾತು ಮಾತ್ರ. ಲಿವರ್‌ಪೂಲಿನಲ್ಲಿ ಬೆಳೆದ ಲೇಖಕ ಆಲನ್ ಓವೆನ್ ಡಬ್ಲಿನ್ನಿನಲ್ಲಿ ಈ ಹುಡುಗರ ಜೊತೆಗಿದ್ದು, ಅವರು ತಮ್ಮೊಳಗೆ ಆಡುವ ಮಾತನ್ನು ಆಲಿಸಿ ಸಂಭಾಷಣೆ ಬರೆದಿದ್ದರು.

ಅದನ್ನು ನಾನು ಕೇಳಿದ್ದು ರಿಮೋಟ್ ಹಿಡಿದುಕೊಂಡು. ರೈಲಿನ ಡಬ್ಬಿಯೊಳಗೆ ಕರಿ ಟೋಪಿಯ ಗೃಹಸ್ಥನೊಬ್ಬ ಬಂದು ಕೂರುತ್ತಾನೆ. ವಾರಕ್ಕೆರಡು ಸಲ ಓಡಾಡುವವನೆಂಬ ಹಕ್ಕಿನಲ್ಲಿ ತೆರೆದ ಕಿಟಕಿಯನ್ನು ಮುಚ್ಚುತ್ತಾನೆ, ರಿಂಗೋನ ರೇಡಿಯೊವನ್ನು ಆರಿಸುತ್ತಾನೆ. ಅವನ ಒಂದೊಂದು ಮಾತೂ ನನಗೆ ಸಲೀಸಾಗಿ ತಿಳಿಯಿತು, ಏಕೆಂದರೆ ಅದು ಪಠ್ಯಪುಸ್ತಕದ ಇಂಗ್ಲಿಷು. ಹುಡುಗರು ತಿರುಗಿ ಕೊಟ್ಟ ಉತ್ತರ ಮಾತ್ರ ಕಿವಿಗೆ ಹತ್ತಲಿಲ್ಲ. ಹಿಂದಕ್ಕೆ ಓಡಿಸಿದೆ, ಸಬ್‌ಟೈಟಲ್ ಹಾಕಿದೆ, ಓದಿ ನಕ್ಕೆ, ಮತ್ತೆ ಹಿಂದಕ್ಕೆ ಓಡಿಸಿ ಅಕ್ಷರಗಳಿಲ್ಲದೆ ಕೇಳಿದೆ. 87 ನಿಮಿಷಗಳ ಚಿತ್ರ ಹೀಗೆ ನನಗೆ ನಾಲ್ಕು ಸಂಜೆಗಳಷ್ಟು ಬಂತು. ಚಿತ್ರಮಂದಿರದಲ್ಲಿ ಈ ಸೌಲಭ್ಯ ಎಲ್ಲಿಂದ ಬರಬೇಕು?

ಸಬ್‌ಟೈಟಲ್ ಇದ್ದರೂ ಬಿಡಿಸಲಾಗದ ಒಗಟೊಂದಿತ್ತು. ತಾತನನ್ನು ಕಂಡವರೆಲ್ಲ ‘ಮನುಷ್ಯ ಬಹಳ ಶುಭ್ರವಾಗಿದ್ದಾನೆ’ ಎಂದು ಹೊಗಳುವುದು ಏಕೆಂದು ನನಗೆ ತಿಳಿಯಲಿಲ್ಲ. ಆ ಪಾತ್ರದ ನಟ ವಿಲ್‌ಫ್ರಿಡ್ ಬ್ರ್ಯಾಂಬೆಲ್ ಆ ಕಾಲದಲ್ಲಿ ಬಿಬಿಸಿಯ ‘ಸ್ಟೆಪ್ಟೊ ಅಂಡ್ ಸನ್’ ಧಾರಾವಾಹಿಯಲ್ಲಿ ಮಗನಿಂದ ‘ಕೊಳಕು ಮುದುಕ’ ಎಂದು ಬೈಸಿಕೊಳ್ಳುವ ಗುಜರಿ ವ್ಯಾಪಾರಿಯಾಗಿ ಮನೆಮಾತಾಗಿದ್ದರೆಂದು ಆಮೇಲೆ ತಿಳಿಯಿತು.

ಮನೆಯಲ್ಲಿ ನೋಡುವ ರೂಪದಲ್ಲಿ ಈ ಚಿತ್ರ ಮತ್ತೆ ಮತ್ತೆ ಹುಟ್ಟಿದೆ. 1980ರ ದಶಕದ ಕ್ಯಾಸೆಟ್ಟು ಮತ್ತು ಲೇಸರ್ ಡಿಸ್ಕುಗಳ ನಂತರ, 1993ರಲ್ಲಿ ಇಡೀ ಚಿತ್ರ ಸಿಡಿ-ರಾಮ್ ಆಗಿ ಬಂದು ಕಂಪ್ಯೂಟರ್ ಪರದೆಯ ಸಣ್ಣ ಚೌಕದಲ್ಲಿ ಓಡಿತ್ತು; 2002ರಲ್ಲಿ ಅಮೆರಿಕದಲ್ಲಿ ಡಿವಿಡಿ ಬಂತು. ಐವತ್ತು ತುಂಬಿದ 2014ರಲ್ಲಿ ಮೂಲ ನೆಗೆಟಿವನ್ನು 4ಕೆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿ, ಲೆಸ್ಟರ್ ಅವರ ಒಪ್ಪಿಗೆ ಪಡೆದು, ಡಿವಿಡಿಗಿಂತ ಸ್ಪಷ್ಟವಾಗಿ ಕಾಣುವ ಬ್ಲೂ-ರೇ ಡಿಸ್ಕಾಗಿ ಹೊರತಂದರು. ಸಂಗೀತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಹಾಡುಗಳ ಧ್ವನಿಯನ್ನು ಹೊಸದಾಗಿ ಹದಗೊಳಿಸಿದರು. ನಾನು ಅದನ್ನೂ ಕೊಂಡೆ. ಕೋಟಿನ ನೇಯ್ಗೆ ಕಾಣುವಷ್ಟು ಚಿತ್ರ ಸ್ಪಷ್ಟವಾಗಿದೆ. ಆದರೆ ಸುತ್ತಲಿಂದ ಬರುವ ಹೊಸ ಧ್ವನಿಗಿಂತ ಹಳೆಯ ಮೊನೋ ಧ್ವನಿಯೇ ಈ ಗದ್ದಲದ ಚಿತ್ರಕ್ಕೆ ಒಪ್ಪುತ್ತದೆಂದು ನನ್ನ ಎಣಿಕೆ.

ಅದರದೇ ಇನ್ನೊಂದು ಪ್ರತಿಯನ್ನು ಹಾಡುಪ್ರಿಯನಾದ ತಮ್ಮನಿಗೆ ದಾವಣಗೆರೆಗೆ ಕಳುಹಿಸಿ ಪೆಚ್ಚಾದೆ. ಬ್ಲೂ-ರೇ ವ್ಯಾಪಾರದವರು ಜಗತ್ತನ್ನು ಮೂರು ವಲಯಗಳಾಗಿ ಹಂಚಿಕೊಂಡಿದ್ದಾರೆ: ಅಮೆರಿಕ ಮತ್ತು ಜಪಾನ್ ‘ಎ’, ಯುರೋಪ್ ‘ಬಿ’, ಭಾರತ ‘ಸಿ’. ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕು ಇನ್ನೊಂದು ವಲಯದ ಯಂತ್ರದಲ್ಲಿ ಓಡದು. “ಅಣ್ಣಾ, ನಿನ್ನ ಡಿಸ್ಕು ಇಲ್ಲಿ ಬರೀ ಕಪ್ಪು ತೋರಿಸ್ತಿದೆ” ಎಂದು ಅವನು ಫೋನ್ ಮಾಡಿದ. ನಿಮ್ಮವರಿಗೆ ಹೊರದೇಶದಿಂದ ಡಿಸ್ಕು ಕಳುಹಿಸುವ ಮುನ್ನ ಪೆಟ್ಟಿಗೆಯ ಹಿಂಬದಿಯ ಆ ಸಣ್ಣ ಅಕ್ಷರವನ್ನು ದಯವಿಟ್ಟು ನೋಡಿಕೊಳ್ಳಿ.

ಕಳೆದ ತಿಂಗಳು ಪಕ್ಕದ ಮನೆಯ ಅಜ್ಜಿ ಚಹಾಕ್ಕೆ ಬಂದಾಗ ಅವರ ಜೊತೆ ಕೂತು ಇದನ್ನು ಮತ್ತೊಮ್ಮೆ ನೋಡಿದೆ. 1964ರ ಜುಲೈ 10ರಂದು ಚಿತ್ರದ ಪ್ರದರ್ಶನಕ್ಕಾಗಿ ಆ ನಾಲ್ವರು ಊರಿಗೆ ಮರಳಿದಾಗ, ವಿಮಾನ ನಿಲ್ದಾಣದಿಂದ ಟೌನ್ ಹಾಲ್‌ವರೆಗೆ ಕಿಕ್ಕಿರಿದಿದ್ದ ಜನರ ನಡುವೆ ಆಕೆಯೂ ಶಾಲೆಯ ಸಮವಸ್ತ್ರದಲ್ಲಿ ನಿಂತಿದ್ದರಂತೆ. ಅಡಿಬರಹ ಕಂಡು “ಇದ್ಯಾರಿಗೆ, ಲವ್?” ಎಂದರು, ನಾನು ಸದ್ದಿಲ್ಲದೆ ಅದನ್ನು ಆರಿಸಿದೆ. ಜಾಹೀರಾತು ಕಚೇರಿಯವನು ತೋರಿಸಿದ ಅಂಗಿಗಳನ್ನು ತಂಡದ ಜಾರ್ಜ್ ಹ್ಯಾರಿಸನ್ ‘ಗ್ರಾಟಿ’ ಎಂದು ತಳ್ಳಿಹಾಕುವ ದೃಶ್ಯ ಬಂತು. ಅಸಹ್ಯವಾದದ್ದು ಎಂಬರ್ಥದ ಆ ಪದವನ್ನು ಅಪ್ಪಟ ಲಿವರ್‌ಪೂಲಿನದೆಂದು ನಂಬಿ ನಾನು ಎರಡು ವರ್ಷದಿಂದ ಹೆಮ್ಮೆಯಿಂದ ಬಳಸುತ್ತಿದ್ದೆ. ಅದನ್ನೇ ಅವರಿಗೆ ಹೇಳಿದೆ. ಅಜ್ಜಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ, “ಅದನ್ನು ನಾವೂ ಈ ಸಿನಿಮಾ ನೋಡಿಯೇ ಕಲಿತದ್ದು, ಲವ್” ಎಂದರು.