ಐದು ಟಾಸ್, ಐದು ಗುಂಡು

1932ರ ಫೆಬ್ರವರಿ 6, ಕಲ್ಕತ್ತಾ ವಿಶ್ವವಿದ್ಯಾಲಯದ ಘಟಿಕೋತ್ಸವ. ವೇದಿಕೆಯ ಮೇಲೆ ಭಾಷಣ ಮಾಡುತ್ತಿದ್ದವರು ಬಂಗಾಳದ ಗವರ್ನರ್ ಸರ್ ಸ್ಟ್ಯಾನ್ಲಿ ಜಾಕ್ಸನ್, ವಯಸ್ಸು 61. ಗವರ್ನರ್ ಆದವರೇ ವಿಶ್ವವಿದ್ಯಾಲಯದ ಕುಲಾಧಿಪತಿ. ಹಾಗಾಗಿ ಅವತ್ತು ಪದವಿ ಕೊಡಬೇಕಾದವರೂ ಅವರೇ. ಪದವಿ ಪಡೆಯಲು ಬಂದಿದ್ದವರಲ್ಲಿ 20 ವರ್ಷದ ಬೀನಾ ದಾಸ್ ಎದ್ದು ಮುಂದೆ ಬಂದರು, ರಿವಾಲ್ವರ್ ತೆಗೆದು ಗುಂಡು ಹಾರಿಸಿದರು. ಒಂದಲ್ಲ, ಐದು. ಜಾಕ್ಸನ್ ಬಗ್ಗಿ ತಪ್ಪಿಸಿಕೊಂಡರು. ಕುಲಪತಿ ಹಸನ್ ಸುಹ್ರಾವರ್ದಿ ನುಗ್ಗಿ ಬೀನಾರನ್ನು ಹಿಡಿದರು.

ಕ್ರಿಕೆಟ್ ಚರಿತ್ರೆ ಓದುವವರಿಗೆ ಜಾಕ್ಸನ್ ಅಂದರೆ 1905. ಅವರು ಆಡಿದ 20 ಟೆಸ್ಟೂ ಇಂಗ್ಲೆಂಡಿನ ನೆಲದಲ್ಲೇ, ಎದುರಾಳಿ ಆಸ್ಟ್ರೇಲಿಯಾ ಮಾತ್ರ. ಆ ವರ್ಷ ಮೊದಲ ಸಲ ನಾಯಕರಾದರು. ಐದು ಟೆಸ್ಟ್, ಐದೂ ಟಾಸ್ ಅವರವೇ, ಸರಣಿ 2-0. ನಾಟಿಂಗ್‌ಹ್ಯಾಮ್‌ನಲ್ಲಿ ಬ್ಯಾಟ್ ಹಿಡಿದು ಹೋದವರು ಸೊನ್ನೆಗೆ ವಾಪಸ್ ಬಂದರು. ಆಮೇಲೆ ಚೆಂಡು ಕೈಗೆತ್ತಿಕೊಂಡು ಒಂದೇ ಓವರಿನಲ್ಲಿ ನೋಬಲ್, ಹಿಲ್, ಡಾರ್ಲಿಂಗ್ ಮೂವರನ್ನೂ ಕಿತ್ತರು. ಡಾರ್ಲಿಂಗ್ ಆಸ್ಟ್ರೇಲಿಯಾದ ನಾಯಕ; ಇಬ್ಬರು ನಾಯಕರೂ ಹುಟ್ಟಿದ್ದು ಒಂದೇ ದಿನ, 1870ರ ನವೆಂಬರ್ 21. ಎರಡನೇ ಸರದಿಯಲ್ಲಿ ಜಾಕ್ಸನ್ 82 ನಾಟ್ ಔಟ್. ಲೀಡ್ಸ್‌ನಲ್ಲಿ 144 ನಾಟ್ ಔಟ್, ಮ್ಯಾಂಚೆಸ್ಟರ್‌ನಲ್ಲಿ 113. ಒಟ್ಟು 9 ಸರದಿಯಲ್ಲಿ 492 ರನ್, ಎರಡು ಸಲ ನಾಟ್ ಔಟ್; 7ರಿಂದ ಭಾಗಿಸಿದರೆ ಸರಾಸರಿ 70.28. ಬೌಲಿಂಗ್‌ನಲ್ಲಿ 13 ವಿಕೆಟ್, ಸರಾಸರಿ 15.46. ಎರಡೂ ತಂಡ ಸೇರಿಸಿದರೂ ಎರಡೂ ಪಟ್ಟಿಯಲ್ಲಿ ಮೊದಲಿಗರು ಅವರೇ. ಇಂಥ ಸರಣಿ ಯಾವ ನಾಯಕನಿಗಾದರೂ ಅಪರೂಪ.

ಭಾರತ ಅವರಿಗೆ ಹೊಸದಲ್ಲ. 1892-93ರಲ್ಲಿ ಲಾರ್ಡ್ ಹಾಕ್ ತಂಡದ ಜೊತೆ ಇಲ್ಲಿಗೆ ಬಂದು ಆಡಿದ್ದರು. ಕೇಂಬ್ರಿಡ್ಜ್ ನಾಯಕರಾಗಿ ಮೊದಲು ಕಡೆಗಣಿಸಿದ್ದ ರಣಜಿತ್‌ಸಿಂಹಜಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಕೊಟ್ಟದ್ದು ಆ ಪ್ರವಾಸ ಮುಗಿಸಿ ಹೋದ ಮೇಲೆ. ಮುಂದೆ 1915ರಲ್ಲಿ ಸಂಸತ್ತು, ಆಮೇಲೆ ಯುದ್ಧ ಇಲಾಖೆಯ ಹಣಕಾಸು ಕಾರ್ಯದರ್ಶಿ, 1927ರಲ್ಲಿ ಬಂಗಾಳದ ಗವರ್ನರ್.

ಆ ಕುರ್ಚಿಯಲ್ಲಿ ಕೂತ ಕಾಲ ಕ್ರಿಕೆಟಿನದಲ್ಲ. 1930ರಲ್ಲಿ ಚಿತ್ತಗಾಂಗ್ ಶಸ್ತ್ರಾಗಾರದ ದಾಳಿ, ಅದೇ ಡಿಸೆಂಬರಿನಲ್ಲಿ ಕಲ್ಕತ್ತಾದ ಸರ್ಕಾರಿ ಕಚೇರಿ ರೈಟರ್ಸ್ ಬಿಲ್ಡಿಂಗಿನೊಳಗೇ ಗುಂಡು. ವಿಚಾರಣೆಯಿಲ್ಲದೆ ಯುವಕರನ್ನು ಕೂಡಿಹಾಕುವ ಕಾನೂನು. 1931ರ ಸೆಪ್ಟೆಂಬರಿನಲ್ಲಿ ಹಿಜ್ಲಿ ಬಂಧನ ಶಿಬಿರದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಕೈದಿಗಳು ಸತ್ತರು. ಫೆಬ್ರವರಿ 6ರ ರಿವಾಲ್ವರಿನ ಹಿಂದೆ ಇದಿಷ್ಟೂ ಇದೆ. ಕ್ರಿಕೆಟ್ ಬರಹಗಳು ಆ ದಿನವನ್ನು ‘ಹತ್ಯೆ ಯತ್ನದಿಂದ ಪಾರಾದರು’ ಎಂಬ ಒಂದು ಸಾಲಿನಲ್ಲಿ ಮುಗಿಸಿ, ಗುಂಡು ಹಾರಿಸಿದ ಹುಡುಗಿಯ ಹೆಸರನ್ನೂ ಬಿಟ್ಟುಬಿಡುವುದುಂಟು. ಇದು ಸರಿಯಲ್ಲ. ಜಾಕ್ಸನ್ ಎಂಬ ವ್ಯಕ್ತಿಯ ಮೇಲೆ ತನಗೆ ಹಗೆಯಿಲ್ಲ, ತನ್ನ ಜನರನ್ನು ಗುಲಾಮಗಿರಿಯಲ್ಲಿಟ್ಟ ವ್ಯವಸ್ಥೆಗೆ ಅವರು ಪ್ರತಿನಿಧಿ ಎಂದು ಬೀನಾ ನ್ಯಾಯಾಲಯದಲ್ಲಿ ಬಿಡಿಸಿ ಹೇಳಿದ್ದರು. ರಿವಾಲ್ವರ್ ಒದಗಿಸಿದ್ದು ಕ್ರಾಂತಿಕಾರಿ ಕಮಲಾ ದಾಸ್‌ಗುಪ್ತಾ.

ಜಾಕ್ಸನ್ ಅದೇ ವರ್ಷ ಅಧಿಕಾರ ಮುಗಿಸಿ ಊರಿಗೆ ಮರಳಿದರು, 1947ರಲ್ಲಿ ತೀರಿಕೊಂಡರು. ಸುಹ್ರಾವರ್ದಿಗೆ ಸರ್ ಪದವಿ ಬಂತು. ಬೀನಾಗೆ 9 ವರ್ಷ ಕಠಿಣ ಸಜೆ; 1939ರಲ್ಲಿ ಬಿಡುಗಡೆ, 1986ರಲ್ಲಿ ನಿಧನ. ಅವತ್ತು ಆ ವೇದಿಕೆಯಲ್ಲಿ ಸಿಗಬೇಕಿದ್ದ ಪದವಿಪತ್ರವನ್ನು ವಿಶ್ವವಿದ್ಯಾಲಯ ಕೊಟ್ಟದ್ದು 2012ರಲ್ಲಿ.