ಒಂದೇ ಹೆಸರಿನ ಎರಡು ಹಿನ್ನೀರು

ಮೈಸೂರು, ಮಂಡ್ಯದ ಕಡೆ ಹಿನ್ನೀರು ಅಂದರೆ ಕನ್ನಂಬಾಡಿ ಕಟ್ಟೆಯ ಹಿಂದೆ ನಿಂತ ನೀರು. ಕಟ್ಟೆ ತುಂಬುವ ಮಟ್ಟವಾದ 124.80 ಅಡಿ ಮುಟ್ಟಿತಾ ಅಂತ ಬೆಳಿಗ್ಗೆ ಪೇಪರಿನಲ್ಲಿ ನೋಡುತ್ತೇವೆ. ಬೇಸಿಗೆಯಲ್ಲಿ ಅದು ಒಂದಡಿ ಇಳಿಯಲು ದಿನಗಳೇ ಬೇಕು. ಉಡುಪಿ, ಕುಂದಾಪುರದ ಹಿನ್ನೀರು ಹಾಗಲ್ಲ. ಕಡಲಿನ ಉಬ್ಬರ ಇಳಿತದ ಜೊತೆ ಆರು ಗಂಟೆಯಲ್ಲಿ ಸುಮಾರು ಒಂದು ಮೀಟರ್ ಏರಿ, ಇನ್ನಾರು ಗಂಟೆಯಲ್ಲಿ ಅಷ್ಟೇ ಇಳಿಯುತ್ತದೆ. ಮೈಸೂರಿನ ಹತ್ತಿರದ ವರುಣಾ ಕೆರೆಯಲ್ಲಿ ಕಯಾಕ್ ಕಲಿತು ನೇರ ಕರಾವಳಿಗೆ ಹೋಗುವವರು ಹೊಸದಾಗಿ ಕಲಿಯಬೇಕಾದದ್ದು ಇದನ್ನೇ. ಹುಟ್ಟು ಹಾಕುವ ಕೈಚಳಕ ಎರಡೂ ಕಡೆ ಒಂದೇ.

ಪದಗಳೂ ದಾರಿ ತಪ್ಪಿಸುತ್ತವೆ. ನಮಗೆ ಕೋಡಿ ಅಂದರೆ ಕೆರೆ ತುಂಬಿ ಹರಿಯುವ ಜಾಗ. ಅಲ್ಲಿ ಕೋಡಿ, ಬೆಂಗ್ರೆ ಅಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳಿನ ಪಟ್ಟಿ. ಹೊಳೆ ಕಡಲು ಸೇರುವ ಬಾಯಿ ಅಳಿವೆ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ ಎಂಬ ಊರಿನಲ್ಲಿ ಸೀತಾ, ಸುವರ್ಣಾ ಎರಡು ಹೊಳೆಗಳ ನೀರೂ ಒಂದೇ ಅಳಿವೆಯಿಂದ ಹೊರಬೀಳುತ್ತದೆ. ಅಗಲ ನೀರು ಕಿರಿದಾದ ಬಾಯಿಗೆ ನುಗ್ಗುವುದರಿಂದ ಇಳಿತದ ಹೊತ್ತಿನಲ್ಲಿ ಸೆಳೆತ ಅಲ್ಲೇ ಜೋರು. ಅಭ್ಯಾಸವಿಲ್ಲದವರು ಅಳಿವೆಯ ಹತ್ತಿರವೂ ಹೋಗಬಾರದು.

ಉಬ್ಬರ ದಿನಕ್ಕೆರಡು, ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಬುಧವಾರ ಬೆಳಿಗ್ಗೆ ಆರಕ್ಕೆ ತುಂಬಿದ ನೀರು ಶನಿವಾರ ತುಂಬುವುದು ಎಂಟೂವರೆಯ ಹೊತ್ತಿಗೆ. ರೂಮು ಬುಕ್ ಮಾಡುವ ಮೊದಲೇ ಈ ಲೆಕ್ಕ ಹಾಕಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ, ಹೊಸಬರಿಗೆ ಅದೇ ಒಳ್ಳೆಯದು. ಇಳಿತವೂ ಒಂದೇ ವೇಗದ್ದಲ್ಲ. ಒಟ್ಟು 120 ಸೆಂ.ಮೀ. ಇಳಿಯುವುದಾದರೆ ಅಂದಾಜಿಗೆ ಗಂಟೆಗಂಟೆಗೆ 10, 20, 30, 30, 20, 10. ಮೂರು, ನಾಲ್ಕನೆಯ ಗಂಟೆಯಲ್ಲಿ ಸೆಳೆತ ಹೆಚ್ಚಿರುವುದು ಇದಕ್ಕೇ. ಉಬ್ಬರದ ವೇಳಾಪಟ್ಟಿಯಲ್ಲಿರುವುದು ಬಂದರಿನ ಸಮಯ, ಒಳಗೆ ಹೋದಷ್ಟೂ ತಡ ಎಂಬುದು ನೆನಪಿರಲಿ.

ಉಬ್ಬರ ತುಂಬುವ ಎರಡು ಗಂಟೆ ಮೊದಲು ಇಳಿದು, ಅದರ ಜೊತೆಗೇ ಹೊಳೆಯ ಮೇಲ್ಭಾಗಕ್ಕೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಕಡೆಗೆ ಹೋಗಿ. ನೀರು ನಿಂತಾಗ ಸುಧಾರಿಸಿಕೊಂಡು, ಇಳಿತ ಶುರುವಾದ ಮೊದಲ ಗಂಟೆಯಲ್ಲೇ ವಾಪಸು ಹೊರಡಿ. ಉಲ್ಟಾ ಮಾಡಿದರೆ ಕೈಗೆ ಬೀಳುವ ಹೊರೆ ನೋಡಿ: ಹವ್ಯಾಸಿಯ ವೇಗ ಗಂಟೆಗೆ 4–5 ಕಿ.ಮೀ., ಎದುರು ಸೆಳೆತ 3 ಇದ್ದರೆ ಸಾಗುವುದು ಒಂದೆರಡು ಕಿ.ಮೀ. ಮಾತ್ರ.

ಹನ್ನೊಂದರ ಹೊತ್ತಿಗೆ ದಡ ಸೇರಿಬಿಡಿ. ಆಮೇಲೆ ಪಶ್ಚಿಮದಿಂದ ಕಡಲಗಾಳಿ ಏಳುತ್ತದೆ. ಇಳಿತದ ನೀರು ಪಶ್ಚಿಮಕ್ಕೆ, ಗಾಳಿ ಪೂರ್ವಕ್ಕೆ ಎಂದಾದಾಗ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಕೆರೆಯಲ್ಲಿ ಕಲಿತವರ ಕಯಾಕ್ ಅಡ್ಡ ತಿರುಗಿ ಮಗುಚುವುದು ಇಂಥ ಹೊತ್ತಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವ ಯೋಚನೆಯೇ ಬೇಡ.

ನೀರಿಳಿದು ಕೆಸರಿನ ಮೇಲೆ ಕೂತರೆ ಇಳಿದು ತಳ್ಳಬೇಡಿ. ಬೇಸಿಗೆಯಲ್ಲಿ ಕನ್ನಂಬಾಡಿ ಹಿನ್ನೀರಿನ ಅಂಚು ಮೇಲೆ ಒಣಗಿದ ಹಾಗೆ ಕಂಡು ಒಳಗೆ ಹೂತುಕೊಳ್ಳುತ್ತದಲ್ಲ, ಇದೂ ಅದೇ ಜಾತಿ, ತೊಡೆವರೆಗೆ ಹೂಳಬಹುದು. ಕಯಾಕ್‌ನಲ್ಲೇ ಕೂತು ನೀರು ಬರುವವರೆಗೆ ಕಾಯಿರಿ. ತಲೆಗೆ ಎರಡು ಲೀಟರ್ ಕುಡಿಯುವ ನೀರು ಬೇಕೆನ್ನುವುದು ಇಂಥ ಕಾಯುವಿಕೆಗೂ ಸೇರಿಸಿ. ಕಾಲಿಗೆ ಗಟ್ಟಿ ಅಟ್ಟೆಯ ಶೂ ಹಾಕಿ, ಹವಾಯಿ ಚಪ್ಪಲಿ ಸಾಲದು. ಕಾಂಡ್ಲಾ ಬೇರಿಗೆ, ಬಂಡೆಗೆ ಅಂಟಿದ ಸಿಂಪಿ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಲೈಫ್ ಜಾಕೆಟ್ ಕಟ್ಟಿದ ಮೇಲೆ ಯಾರಾದರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಅದು ಗದ್ದ ದಾಟಿ ಬಂದರೆ ಇನ್ನೂ ಬಿಗಿಯಬೇಕು, ಇಲ್ಲವೇ ಸೈಜು ಬದಲಿಸಬೇಕು.

ಸ್ವಂತ ಸಾಮಾನು ಒಯ್ದವರು ಊರಿಗೆ ಹೊರಡುವ ಮೊದಲೇ, ಅಲ್ಲೇ, ಸಿಹಿನೀರಿನಲ್ಲಿ ಎಲ್ಲವನ್ನೂ ತೊಳೆಯಿರಿ. ಕೆರೆಯ ನೀರಿನಲ್ಲಿ ಬರದ ತೊಂದರೆ ಇದು. ಎರಡು ತುಂಡಿನ ಅಲ್ಯೂಮಿನಿಯಂ ಪ್ಯಾಡಲ್ ಬಿಚ್ಚದೆ ಕಾರಿಗೆ ಹಾಕಿದರೆ ಜೋಡಣೆಯಲ್ಲಿ ಉಪ್ಪು ಕಚ್ಚಿಕೊಂಡು ಮತ್ತೆ ಬಿಡಿಸಲು ಆಗದೇ ಹೋಗಬಹುದು. ಬಿಚ್ಚಿ, ಒಳಗೂ ನೀರು ಬಿಟ್ಟು, ನೆರಳಲ್ಲಿ ಒಣಗಿಸಿ.